ದೂರದ ದುಃಖ, ಜಡವಾದ ಕಣ್ಣು

ಮಠದ ಮಾಸಪತ್ರಿಕೆಯಲ್ಲಿ ಚಿತ್ರಕಲೆಯ ವಿಮರ್ಶೆಗೇನು ಕೆಲಸವೆಂದು ವಾಚಕರಲ್ಲಿ ಕೆಲವರಾದರೂ ಕೇಳಿಯಾರು. ಶರಣರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೋಡಿದವರು. ನೋಟವೆಂಬುದು ಅವರಿಗೆ ಬರಿಯ ಇಂದ್ರಿಯವ್ಯಾಪಾರವಾಗಿರಲಿಲ್ಲ. ಅದೊಂದು ಸಾಧನೆ, ಅದಕ್ಕೆ ದೃಷ್ಟಿಯೋಗವೆಂಬ ಹೆಸರೇ ಇದೆ. ನೋಡುವುದನ್ನು ಇಷ್ಟು ದೊಡ್ಡದಾಗಿ ಎಣಿಸಿದ ಪರಂಪರೆಯಲ್ಲಿ ಹುಟ್ಟಿ ಬೆಳೆದ ನಾವು, ಕಂಡೂ ಕಾಣದಂತಿರುವ ಕಣ್ಣಿನ ವಿಚಾರ ನಮ್ಮದಲ್ಲವೆಂದು ಹೇಗೆ ಹೇಳೋಣ?

ಇಲ್ಲಿ ಎತ್ತಿಕೊಂಡ ಪ್ರಶ್ನೆ ಇದು: ದೂರದಲ್ಲಿ ನರಳುವವರ ವಿಷಯದಲ್ಲಿ ನಮ್ಮ ಮನಸ್ಸು ಮರಗಟ್ಟಿಹೋಗುತ್ತದಲ್ಲ, ಆ ಮರಗಟ್ಟುವಿಕೆಯನ್ನೇ ವಸ್ತುವಾಗಿ ಮಾಡಿಕೊಂಡು ಚಿತ್ರ ಬರೆಯಲು ಬರುತ್ತದೆಯೇ? ನರಳುವವನನ್ನು ಬರೆಯುವುದು ಒಂದು. ಅವನನ್ನು ಕಂಡೂ ನೋಯದವನನ್ನು ಬರೆಯುವುದು ಇನ್ನೊಂದು. ಮೊದಲನೆಯದನ್ನು ಮಾಡಿದವರು ಬಹಳ ಮಂದಿ. ಎರಡನೆಯದನ್ನು ಕೈಗೆತ್ತಿಕೊಂಡವರು ಕೆಲವರೇ, ಅವರಲ್ಲೂ ಸಫಲರಾದವರು ಬೆರಳೆಣಿಕೆಯಷ್ಟು.

ಈ ವಿಚಾರಕ್ಕೆ ಪ್ಯಾರಿಸ್ಸಿಗೋ ನ್ಯೂಯಾರ್ಕಿಗೋ ಮೊದಲು ಹೋಗಬೇಕಾಗಿಲ್ಲ. ನಮ್ಮ ನಾಡೇ ಒಮ್ಮೆ ಆ ‘ದೂರದ ದುಃಖ’ವಾಗಿತ್ತು. 1876ರಿಂದ 1878ರವರೆಗೆ ದಕ್ಷಿಣ ದೇಶವನ್ನು ಸುಟ್ಟ ಮಹಾಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರದ ಹೆಸರಿನಿಂದಲೇ ಧಾತು ಈಶ್ವರದ ಬರವೆಂದು ಕರೆದರು. ಅಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಗಳು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳು ಆಗ ತಾಲೂಕುಗಳಲ್ಲ, ಆದರೆ ಹಸಿವಿಗೆ ತಾಲೂಕಿನ ಗಡಿ ಎಲ್ಲಿಯದು? ಸತ್ತವರ ಲೆಕ್ಕದಲ್ಲಿ ಏಕಮತವಿಲ್ಲ. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಐವತ್ತೈದು ಲಕ್ಷವೆಂದು ಕಡಿಮೆ ಹೇಳುವವರೂ ಒಪ್ಪುತ್ತಾರೆ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸರಾಯ್ ಲಿಟ್ಟನ್ನನು ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಸುತ್ತಿದ್ದನು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ಲನು ದಕ್ಷಿಣಕ್ಕೆ ಬಂದು, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೊಂದು ಆಣೆ ಸಾಕೆಂದು ವಿಧಿಸಿದನು. ಒಂದು ಪೌಂಡೆಂದರೆ ಅರ್ಧ ಕಿಲೋದಷ್ಟೂ ಅಲ್ಲ. ಮದರಾಸಿನ ನೈರ್ಮಲ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಇದರಿಂದ ಜನ ಸಾಯುತ್ತಾರೆಂದು ಬರೆದು ಬರೆದು ವಾದಿಸಿದನು. ಇಂಥ ವಾದವಿವಾದಗಳನ್ನೆಲ್ಲ ‘ಮದರಾಸ್ ಟೈಮ್ಸ್’ ಸಂಪಾದಕ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳ ಗ್ರಂಥವಾಗಿ ಹೊರತಂದನು.

ನಮಗೆ ಇಲ್ಲಿ ಬೇಕಾದುದು ಚಿತ್ರ. 1877ರ ಅಕ್ಟೋಬರಿನಲ್ಲಿ ಲಂಡನ್ನಿನ ‘ದಿ ಗ್ರಾಫಿಕ್’ ವಾರಪತ್ರಿಕೆ ಬಳ್ಳಾರಿ ಜಿಲ್ಲೆಯ ಕ್ಷಾಮದ ಒಂದು ಕೆತ್ತನೆಯ ಚಿತ್ರವನ್ನು ಅಚ್ಚುಹಾಕಿತು. ಮನುಷ್ಯರ ಜೊತೆಗೆ ಮೂಕಪ್ರಾಣಿಗಳ ದುರವಸ್ಥೆಯನ್ನೂ ತೋರಿಸುವ ಚಿತ್ರವದು. ಅದೇ ವರ್ಷ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ಬಳ್ಳಾರಿಯಲ್ಲಿ ಪರಿಹಾರ ಹಂಚುವ ಚಿತ್ರವೂ ಬಂದಿತು. ಇವೆರಡೂ ಇಂದಿಗೂ ಕ್ಷಾಮದ ಇತಿಹಾಸ ಬರೆಯುವವರೆಲ್ಲ ಮತ್ತೆ ಮತ್ತೆ ಮುದ್ರಿಸುವ ಚಿತ್ರಗಳು. ತಾವೂ ಎಲ್ಲಿಯಾದರೂ ಕಂಡಿರಬಹುದು, ಇದು ನಮ್ಮೂರಿನದೆಂದು ತಿಳಿಯದೆ ಪುಟ ಮಗುಚಿಯೂ ಇರಬಹುದು.

ಇಂಥ ಚಿತ್ರಗಳು ಹೇಗೆ ಸಿದ್ಧವಾಗುತ್ತಿದ್ದುವೆಂಬುದನ್ನು ಸ್ವಲ್ಪ ತಡೆದು ನೋಡುವುದು ಉಚಿತ. ಸ್ಥಳದಲ್ಲಿದ್ದ ಅಧಿಕಾರಿಯೋ ಪಾದ್ರಿಯೋ ಬರೆದ ರೇಖಾಚಿತ್ರ ಅಥವಾ ತೆಗೆದ ಛಾಯಾಚಿತ್ರ ಹಡಗಿನಲ್ಲಿ ವಾರಗಟ್ಟಲೆ ಪಯಣಿಸಿ ಲಂಡನ್ನು ಸೇರುವುದು. ಅಲ್ಲಿ ಅದನ್ನು ಗಟ್ಟಿಮರದ ಅಚ್ಚಿನ ಮೇಲೆ ತಿರುಗಿ ಬರೆಯುವರು. ದೊಡ್ಡ ಅಚ್ಚಾದರೆ ಹಲವು ತುಂಡು ಮರಗಳನ್ನು ಜೋಡಿಸಿರುವುದರಿಂದ, ಬೇಗ ಮುಗಿಯಲೆಂದು ತುಂಡುಗಳನ್ನು ಬಿಚ್ಚಿ ಬೇರೆ ಬೇರೆ ಕೆತ್ತನೆಗಾರರಿಗೆ ಕೊಡುವರು. ಒಬ್ಬನು ಆಕಾಶವನ್ನು ಕೆತ್ತುವನು, ಇನ್ನೊಬ್ಬನು ಮರವನ್ನು, ಮತ್ತೊಬ್ಬನು ಪಕ್ಕೆಲುಬುಗಳನ್ನು. ಯಾವನೂ ಬಳ್ಳಾರಿಯನ್ನು ಕಂಡವನಲ್ಲ. ಶನಿವಾರ ಪತ್ರಿಕೆ ಹೊರಡಬೇಕು, ಅಷ್ಟೇ. ಹೀಗೆ ನಮ್ಮ ಹಿರಿಯರ ಎಲುಬುಗಳು ಒಂದು ಕಾರ್ಖಾನೆಯ ಕೆಲಸಹಂಚಿಕೆಯಲ್ಲಿ ಮೂಡಿಬಂದವು. ಕೆತ್ತಿದವರನ್ನು ನಾನು ದೂಷಿಸುತ್ತಿಲ್ಲ. ಅವರದೂ ಕಾಯಕವೇ, ಅವರ ಕೈಚಳಕ ಅಸಾಧಾರಣವಾದುದು. ಆದರೆ ದುಃಖವು ಇಷ್ಟು ಕೈ ದಾಟಿ ಬರುವಾಗ ದಾರಿಯಲ್ಲಿ ಏನನ್ನು ಕಳೆದುಕೊಳ್ಳುತ್ತದೆ? ಮೊದಲು ಕಳೆಯುವುದು ಹೆಸರು. ಚಿತ್ರದಲ್ಲಿರುವವರು ‘ದೇಶೀಯರು’, ‘ಕ್ಷಾಮಪೀಡಿತರು’; ಇಂಥ ಊರಿನ ಇಂಥವಳೆಂದು ಯಾರೂ ಇಲ್ಲ.

ಫಲವಿಲ್ಲದೆ ಹೋಗಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಲಂಡನ್ನಿನ ಮೇಯರನು ತೆರೆದ ಮ್ಯಾನ್ಷನ್ ಹೌಸ್ ನಿಧಿಗೆ ಲಕ್ಷಗಟ್ಟಲೆ ಪೌಂಡು ಹಣ ಕೂಡಿತು. ಕೊಟ್ಟವರಲ್ಲಿ ಬಡ ಕಾರ್ಮಿಕರೂ ಇದ್ದರು. ‘ದಿ ಗ್ರಾಫಿಕ್’ ಪತ್ರಿಕೆಯೇ 1869ರ ತನ್ನ ಪ್ರಥಮ ಸಂಚಿಕೆಯಲ್ಲಿ ಲ್ಯೂಕ್ ಫಿಲ್ಡ್ಸನು ಬರೆದ ಲಂಡನ್ನಿನ ನಿರ್ಗತಿಕರ ಸಾಲನ್ನು ಅಚ್ಚುಹಾಕಿತ್ತು. ಚಳಿಯಲ್ಲಿ ರಾತ್ರಿಯ ಆಶ್ರಯಕ್ಕಾಗಿ ಗೋಡೆಗೊರಗಿ ನಿಂತ ಜನ, ಆ ನಗರದ ನಡುವೆಯೇ ಇದ್ದವರು. ಅವರನ್ನೂ ಅಲ್ಲಿಯ ಗೃಹಸ್ಥರು ಪತ್ರಿಕೆಯಲ್ಲಿ ಕಂಡ ಮೇಲೆಯೇ ಕಂಡರು. ದೂರವೆಂಬುದು ಮೈಲಿಗಳಲ್ಲಿ ಮಾತ್ರ ಅಳೆಯುವ ವಸ್ತುವಲ್ಲ. ವ್ಯಾನ್ ಗಾಗ್ ಎಂಬ ಚಿತ್ರಕಾರ ಆ ಚಿತ್ರವನ್ನು ಬಹಳವಾಗಿ ಮೆಚ್ಚಿದ್ದನು. ಅವನು 1883ರಲ್ಲಿ ಹೊಟ್ಟೆ ಕಟ್ಟಿ ‘ಗ್ರಾಫಿಕ್’ನ ಹಳೆಯ ಸಂಪುಟಗಳನ್ನೇ ಕೊಂಡು ತಂದನು. 1877ರ ಬಳ್ಳಾರಿಯೂ ಆ ರಾಶಿಯಲ್ಲಿ ಇದ್ದಿರಬೇಕು.

ಅದೇ ಕ್ಷಾಮವನ್ನು ಕ್ಯಾಮರಾದಲ್ಲಿ ಹಿಡಿದವನು ಹೂಪರ್ ಎಂಬ ಮದರಾಸಿನ ಸೇನಾಧಿಕಾರಿ. ಎಲುಬಿನ ಗೂಡಾದ ಸಂಸಾರಗಳನ್ನು ಸಾಲಾಗಿ ಕೂರಿಸಿ, ಅಲುಗದಂತಿರಿಸಿ ತೆಗೆದ ಆ ಛಾಯಾಚಿತ್ರಗಳನ್ನು ನೋಡುವಾಗ ನಮ್ಮ ಕಣ್ಣು ಮೊದಲು ಹಸಿದವರ ಮೇಲೆ ನಿಲ್ಲುತ್ತದೆ. ಆಮೇಲೆ, ಅವರನ್ನು ಹಾಗೆ ಜೋಡಿಸಿದ ಕೈಯ ಮೇಲೆ. ಇದೇ ಮನುಷ್ಯನು 1886ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಮರಣದಂಡನೆಯ ಕೈದಿಗಳಿಗೆ ಗುಂಡು ತಾಗುವ ಕ್ಷಣವನ್ನು ಸೆರೆಹಿಡಿಯಲು ಹವಣಿಸಿದನೆಂಬ ಆರೋಪ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಜಡತೆ ನೋಡುಗನಲ್ಲಿ ಮಾತ್ರ ಹುಟ್ಟುವುದಿಲ್ಲ. ಅದು ಚಿತ್ರ ಮಾಡುವವನಲ್ಲಿ ಮೊದಲೇ ಇದ್ದು, ಚಿತ್ರದೊಡನೆ ಸಾಗಿ ನಮ್ಮನ್ನು ತಲುಪಲೂಬಹುದು.

ನಮ್ಮ ಕಡೆಯ ಜನ ಕನಿಕರವಿಲ್ಲದವರೇನೂ ಅಲ್ಲವೆಂದು ತಾವು ಹೇಳಬಹುದು. ಮಠದ ಅಂಗಳದಲ್ಲಿ ಪುರಾಣ ಹೇಳಿಸಿದಾಗ, ಬಯಲಾಟವಾಡಿಸಿದಾಗ, ರಾಘವಾಂಕನ ಹರಿಶ್ಚಂದ್ರನ ಕಥೆಯಲ್ಲಿ ಚಂದ್ರಮತಿ ಮಗನ ಹೆಣವನ್ನು ಹೊತ್ತು ಸುಡುಗಾಡಿಗೆ ಬರುವ ಭಾಗಕ್ಕೆ ಸೆರಗಿನಲ್ಲಿ ಕಣ್ಣೊರಸಿಕೊಳ್ಳದ ಹೆಂಗಸುಂಟೇ? ನಿಜ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಅಲಂಕಾರಶಾಸ್ತ್ರವು ಶೋಕವೆಂಬ ಸ್ಥಾಯಿಭಾವ ಕಾವ್ಯದಲ್ಲಿ ಕರುಣರಸವಾಗಿ ಪರಿಣಮಿಸುತ್ತದೆಂದೂ, ಆಗ ಅದು ಯಾರೊಬ್ಬರ ದುಃಖವೂ ಆಗಿರದೆ ಸಾಧಾರಣೀಕರಣಗೊಂಡು ಸಹೃದಯನಿಗೆ ಆನಂದವನ್ನೇ ಕೊಡುತ್ತದೆಂದೂ ವಿವರಿಸಿದೆ. ಶಾಸ್ತ್ರ ಹೇಳಿದ್ದು ಸತ್ಯ. ಕರುಣರಸದ ಕಣ್ಣೀರು ಹಿತವಾದ ಕಣ್ಣೀರು. ಅದಕ್ಕೆ ಕರ್ತವ್ಯದ ಹಂಗಿಲ್ಲ. ಚಂದ್ರಮತಿಗಾಗಿ ಅತ್ತವರು ಎದ್ದು ಹೋಗಿ ಚಂದ್ರಮತಿಗೆ ಅನ್ನವಿಕ್ಕಬೇಕಾಗಿಲ್ಲ. ಶರಣರು ಧರ್ಮದ ಬೇರೆಂದು ಕಂಡ ದಯೆಯ ಪರಿ ಬೇರೆ. ಅದು ಸಾಧಾರಣೀಕರಣಕ್ಕೆ ಒಲ್ಲೆನ್ನುತ್ತದೆ. ಎದುರಿಗೆ ನಿಂತ ಈ ಜಂಗಮ, ಈ ಹಸಿದ ಹೊಟ್ಟೆ, ಈ ಹೊತ್ತು ಎನ್ನುತ್ತದೆ. ದಾಸೋಹದ ಪಂಕ್ತಿಯಲ್ಲಿ ಬಡಿಸುವವನಿಗೆ ರಸಾನುಭವಕ್ಕೆ ಬಿಡುವಿಲ್ಲ. ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ವಾಚಕರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರಕಾರನ ಸಂಕಟವೇ ಇದು. ಅವನು ಹಸಿವನ್ನು ಚೆನ್ನಾಗಿ ಬರೆದಷ್ಟೂ ಅದು ಕರುಣರಸವಾಗಿ, ಗೋಡೆಯ ಮೇಲೆ ತೂಗಿ, ಕಣ್ಣಿಗೆ ತಂಪಾಗುವ ಭಯವಿದೆ. ಕೆ. ಕೆ. ಹೆಬ್ಬಾರರ ಹಾಡುವ ರೇಖೆಯನ್ನು ಮೆಚ್ಚದವರು ಯಾರು? ಆದರೆ ರೇಖೆ ಹಾಡತೊಡಗಿದರೆ ಹಸಿವೂ ಲಯಕ್ಕೆ ಹೆಜ್ಜೆ ಹಾಕಿಬಿಡುವ ಅಪಾಯವುಂಟು.

1943ರ ಬಂಗಾಳದ ಕ್ಷಾಮ ಈ ಸಂಕಟಕ್ಕೆ ಎರಡು ಮೂರು ಬಗೆಯ ಉತ್ತರಗಳನ್ನು ಕೊಟ್ಟಿದೆ. ಜೈನುಲ್ ಆಬೇದಿನ್ ಕಲ್ಕತ್ತೆಯ ಬೀದಿಗಳಲ್ಲಿ ಕಂಡದ್ದನ್ನು ಪೊಟ್ಟಣ ಕಟ್ಟುವ ಅಗ್ಗದ ಕಾಗದದ ಮೇಲೆ ಕಪ್ಪು ಮಸಿಯಿಂದ ಬರೆದರು. ತಾಯಿ, ಮಗು, ಕಸದ ತೊಟ್ಟಿ, ಕಾಗೆ. ಹಿನ್ನೆಲೆಯಲ್ಲಿ ಊರಿಲ್ಲ, ಆಕಾಶವಿಲ್ಲ. ಬರಿಯ ಕಾಗದವಿದೆ. ಆ ಖಾಲಿ ಜಾಗವೇ ನನಗೆ ಅವುಗಳ ಅತಿ ಭೀಕರವಾದ ಅಂಶವಾಗಿ ಕಾಣುತ್ತದೆ. ಕಾಗೆಯೊಂದೇ ಅವರನ್ನು ಗಮನಿಸುತ್ತಿದೆ. ದಾರಿಹೋಕನು ಚಿತ್ರದೊಳಗೆ ಎಲ್ಲಿಯೂ ಇಲ್ಲ. ಏಕೆಂದರೆ ಅವನು ನಿಂತಿರುವುದು ಚಿತ್ರದ ಹೊರಗೆ, ನಾವು ನಿಂತಿರುವ ಸ್ಥಳದಲ್ಲಿ.

ಚಿತ್ತಪ್ರಸಾದರು ಇನ್ನೊಂದು ದಾರಿ ಹಿಡಿದರು. ಅದೇ ವರ್ಷದ ನವೆಂಬರಿನಲ್ಲಿ ಮಿಡ್ನಾಪುರ ಜಿಲ್ಲೆಯನ್ನು ಸುತ್ತಿ, ತಾವು ಬರೆದವರ ಹೆಸರು, ಊರು, ಕಸುಬು, ಮನೆಯಲ್ಲಿ ಸತ್ತವರ ವಿವರಗಳನ್ನು ಕೇಳಿ ಬರೆದುಕೊಂಡರು. ‘ಹಂಗ್ರಿ ಬೆಂಗಾಲ್’ ಎಂಬ ಆ ಕಿರುಪುಸ್ತಕದ ಐದು ಸಾವಿರ ಪ್ರತಿಗಳನ್ನು ಸರಕಾರವು ವಶಪಡಿಸಿಕೊಂಡು ನಾಶಮಾಡಿತು. ಮನೆಯವರ ಬಳಿ ಉಳಿದ ಒಂದು ಪ್ರತಿಯಿಂದ 2011ರಲ್ಲಿ ಅದರ ಯಥಾಪ್ರತಿ ಬೆಳಕು ಕಂಡಿತು. ಚಿತ್ರದ ಪಕ್ಕದಲ್ಲಿ ಹೆಸರನ್ನೂ ಕಸುಬನ್ನೂ ಬರೆದರೆ ಏನಾಗುತ್ತದೆಂಬುದನ್ನು ನಮ್ಮವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ: ಕಾಯಕವನ್ನು ಹೆಸರಿಗೆ ಅಂಟಿಸಿ ಕರೆದ ಆ ಕರೆಯಲ್ಲಿ ಮನುಷ್ಯನನ್ನು ಗುಂಪಿನಿಂದ ಎತ್ತಿ ನಿಲ್ಲಿಸುವ ಗೌರವವಿದೆ. ಮಿಡ್ನಾಪುರದ ಚಿತ್ರಕಾರನಿಗೆ ಕಲ್ಯಾಣದ ಶರಣರ ಪರಿಚಯವಿತ್ತೆಂದು ನಾನು ವಾದಿಸುತ್ತಿಲ್ಲ. ಎರಡೂ ಕಡೆ ಒಂದೇ ಅರಿವು ಕೆಲಸ ಮಾಡಿದೆಯೆನ್ನುವುದಷ್ಟೇ ನನ್ನ ಮಾತು. ‘ಗ್ರಾಫಿಕ್’ನ ಬಳ್ಳಾರಿಯಲ್ಲಿ ಕಳೆದುಹೋದದ್ದು ಇಲ್ಲಿ ಮರಳಿ ದೊರಕಿತು.

ಒಬ್ಬರ ಹೆಸರು ಎಷ್ಟು ದೂರ ಕೆಲಸ ಮಾಡುತ್ತದೆಂಬುದಕ್ಕೆ ಈಚಿನ ಉದಾಹರಣೆಯೂ ಉಂಟು. 2015ರಲ್ಲಿ ತುರ್ಕಿಯ ಕಡಲತೀರದಲ್ಲಿ ಬೋರಲು ಬಿದ್ದಿದ್ದ ಸಿರಿಯಾದ ಮಗುವಿನ ಛಾಯಾಚಿತ್ರ ಜಗತ್ತನ್ನೇ ಅಲುಗಿಸಿತು. ಆ ಯುದ್ಧದಲ್ಲಿ ಅದಕ್ಕೆ ಮೊದಲು ಲಕ್ಷಾಂತರ ಜನ ಸತ್ತಿದ್ದರೂ ಅಲುಗದವರು ಅಂದು ಅಲುಗಿದರು. ಸ್ವೀಡನ್ನಿನ ರೆಡ್ ಕ್ರಾಸ್ ನಿಧಿಗೆ ದಾನವು ಒಮ್ಮೆಲೆ ಉಕ್ಕಿತು. ಕೆಲವೇ ವಾರಗಳಲ್ಲಿ ಮತ್ತೆ ಇಳಿದುಹೋಯಿತು. ಇದನ್ನು ಅಭ್ಯಸಿಸಿದ ಪಾಲ್ ಸ್ಲೋವಿಕ್ ಎಂಬ ಮನಶ್ಶಾಸ್ತ್ರಜ್ಞರು, ಸಂಖ್ಯೆ ಹೆಚ್ಚಿದಂತೆ ಕನಿಕರ ಹೆಚ್ಚುವುದಿಲ್ಲ, ಕುಗ್ಗುತ್ತದೆ ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಮನಸ್ಸಿನ ಈ ಮರಗಟ್ಟುವಿಕೆಗೆ ಶಾಸ್ತ್ರೀಯವಾದ ಹೆಸರಿಟ್ಟವರು ಹಿರೋಷಿಮಾದಲ್ಲಿ ಬದುಕುಳಿದವರನ್ನು ಮಾತನಾಡಿಸಿದ ರಾಬರ್ಟ್ ಲಿಫ್ಟನ್. ಹೆಣಗಳ ನಡುವೆ ಓಡಾಡಿದವರಿಗೆ ಏನೂ ಅನ್ನಿಸದಂತಾಗಿತ್ತು. ಹಾಗಾಗದಿದ್ದರೆ ಅವರು ಬದುಕುವಂತೆಯೇ ಇರಲಿಲ್ಲ. ಆದ್ದರಿಂದ ಜಡತೆಯನ್ನೆಲ್ಲ ಪಾಪವೆಂದು ಬಯ್ಯಲು ನಾನು ಸಿದ್ಧನಿಲ್ಲ. ಸುಟ್ಟ ಕೈಯ ಜಡತೆ ಒಂದು ಬಗೆ. ದಿಂಬಿಗೊರಗಿ ಪುಟ ಮಗುಚುವವನ, ಇಂದು ಮೊಬೈಲಿನಲ್ಲಿ ಬೆರಳಾಡಿಸುವವನ ಜಡತೆ ಇನ್ನೊಂದು ಬಗೆ. ನಮ್ಮ ವಿಚಾರ ಎರಡನೆಯದನ್ನು ಕುರಿತದ್ದು.

ಪಾಶ್ಚಾತ್ಯರಲ್ಲಿ ಇದನ್ನು ನೇರವಾಗಿ ವಸ್ತುವಾಗಿಸಿಕೊಂಡವನೆಂದರೆ ಆಂಡಿ ವಾರ್ಹಾಲ್. 1962ರ ನಂತರ ಅವನು ಪತ್ರಿಕೆಯ ಅಪಘಾತದ ಛಾಯಾಚಿತ್ರಗಳನ್ನು ಒಂದೇ ಬಟ್ಟೆಯ ಮೇಲೆ ಹತ್ತಾರು ಸಲ ಅಚ್ಚೊತ್ತಿದನು. ಮತ್ತೆ ಮತ್ತೆ ನೋಡಿದರೆ ಏನೂ ಅನ್ನಿಸದು ಎಂಬುದನ್ನು ಮತ್ತೆ ಮತ್ತೆ ತೋರಿಸಿಯೇ ಸಾಬೀತುಗೊಳಿಸಿದನು. ಯುಕ್ತಿ ಚುರುಕಾದುದು. ಆದರೆ ರೋಗವನ್ನು ವರ್ಣಿಸುತ್ತ ರೋಗವನ್ನೇ ಹಂಚಿದ ವೈದ್ಯನಂತಾಯಿತು ಅವನ ಕೆಲಸ. ಆ ಬಟ್ಟೆಗಳು ಕೋಟಿ ಕೋಟಿ ಬೆಲೆಗೆ ಹರಾಜಾದುದೇ ಸಾಕ್ಷಿ. ಪಿಕಾಸೊ 1937ರ ‘ಗೆರ್ನಿಕಾ’ದಲ್ಲಿ ಬಣ್ಣವನ್ನು ತೊರೆದು ಕಪ್ಪು, ಬಿಳಿ, ಬೂದಿಯಲ್ಲಿ ಬರೆದದ್ದು ಹೆಚ್ಚು ಪ್ರಾಮಾಣಿಕ. ಬಾಂಬು ಬಿದ್ದ ಊರಿನಲ್ಲಿ ಅವನಿರಲಿಲ್ಲ, ಪ್ಯಾರಿಸ್ಸಿನಲ್ಲಿ ಪತ್ರಿಕೆ ಓದಿ ತಿಳಿದನು. ಪತ್ರಿಕೆಯ ಬಣ್ಣದಲ್ಲಿಯೇ ಬರೆದನು. ದೂರವನ್ನು ಅವನು ಮುಚ್ಚಿಡಲಿಲ್ಲ. ನಮ್ಮ ಬೆಂಗಳೂರಿನ ಯೂಸುಫ್ ಅರಕ್ಕಲರ ಪಾದಚಾರಿಪಥದ ನಿರ್ಗತಿಕರಲ್ಲಿ ಮುಖಗಳು ಅಳಿಸಿಹೋಗಿವೆ. ನಾವು ನೋಡದ ಮುಖವನ್ನು ಚಿತ್ರಕಾರನೂ ಬರೆಯಲಾರೆನೆನ್ನುತ್ತಾನೆ. ಇದು ಒಳ್ಳೆಯ ಆರಂಭ, ಆದರೆ ಪದೇ ಪದೇ ಬಳಸಿದರೆ ಅದೂ ಒಂದು ವೇಷವಾಗುತ್ತದೆ.

ನನ್ನ ಮಟ್ಟಿಗೆ ಈ ವಸ್ತುವನ್ನು ಪೂರ್ಣವಾಗಿ ಗೆದ್ದವರು ಸೋಮನಾಥ ಹೋರ್ (1921–2006). ಚಿತ್ತಗಾಂಗಿನಲ್ಲಿ ಹುಟ್ಟಿ ಕ್ಷಾಮವನ್ನು ಕಣ್ಣಾರೆ ಕಂಡವರು, ಮೊದಮೊದಲು ಹಸಿದವರ ರೇಖಾಚಿತ್ರಗಳನ್ನೇ ಬರೆದವರು. ಶಾಂತಿನಿಕೇತನದಲ್ಲಿದ್ದಾಗ, 1970ರ ಸುಮಾರಿನಿಂದ, ‘ಗಾಯಗಳು’ ಎಂಬ ಮಾಲೆಗೆ ತೊಡಗಿದರು. ಮಣ್ಣಿನ ಹಾಸನ್ನು ಮಾಡಿ ಅದನ್ನು ಚೂರಿಯಿಂದ ಸೀಳುವರು, ಚುಚ್ಚುವರು, ಸುಡುವರು. ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅಚ್ಚಿನ ಮೇಲೆ ಕಾಗದದ ತಿರುಳನ್ನು ಒತ್ತುವರು. ಒಣಗಿ ಬಂದಾಗ ಬಿಳಿಯ ಮೇಲೆ ಬಿಳಿ. ಅಲ್ಲಲ್ಲಿ ಒಂದು ಸೀಳು, ಒಂದು ಬಾವು, ಎಲ್ಲಿಯೋ ಸ್ವಲ್ಪ ಕೆಂಪು. ಮನುಷ್ಯನ ಆಕೃತಿಯೇ ಇಲ್ಲ. ದೂರದಿಂದ ನೋಡಿದರೆ ಖಾಲಿ ಕಾಗದವನ್ನು ಚೌಕಟ್ಟಿಗೆ ಹಾಕಿದಂತೆ ಕಾಣುತ್ತದೆ. ವಾಚಕರೇ, ವಿಷಯವಿರುವುದು ಇಲ್ಲಿಯೇ. ದೂರ ನಿಂತವನಿಗೆ ಗಾಯ ಕಾಣುವುದಿಲ್ಲ. ಅವನು ತಾನಾಗಿ ಹತ್ತಿರ ಬರಬೇಕು, ತಲೆ ಬಾಗಿಸಬೇಕು, ಬೆಳಕು ಓರೆಯಾಗಿ ಬೀಳುವಂತೆ ಪಕ್ಕಕ್ಕೆ ಸರಿಯಬೇಕು. ಆಗ ಸೀಳು ಕಣ್ಣಿಗೆ ಬೀಳುತ್ತದೆ, ಬಿದ್ದೊಡನೆ ಅದು ಮೈ ಎಂದು ಗೊತ್ತಾಗುತ್ತದೆ. ಯಾರ ಮೈ ಎಂದು ಕೇಳಿದರೆ ಉತ್ತರವಿಲ್ಲ. ಇಲ್ಲಿ ಕರುಣರಸಕ್ಕೆ ಆಲಂಬನವೇ ಇಲ್ಲದಿರುವುದರಿಂದ ಹಿತವಾದ ಕಣ್ಣೀರು ಬರುವ ಹಾಗಿಲ್ಲ. ನೋಡುಗನು ಇಷ್ಟು ಹೊತ್ತು ದೂರ ನಿಂತಿದ್ದನೆಂಬುದೇ ಚಿತ್ರದ ವಸ್ತುವಾಗಿಬಿಡುತ್ತದೆ.

ಇನ್ನು ನಮ್ಮ ಐದು ತಾಲೂಕುಗಳಿಗೆ ಬರೋಣ. ಶಾಲೆಯ ಚಿತ್ರಸ್ಪರ್ಧೆಗಳಲ್ಲಿ ‘ಬರಗಾಲ’ವೆಂಬ ವಿಷಯ ಕೊಟ್ಟರೆ ಮಕ್ಕಳು ಏನು ಬರೆಯುತ್ತಾರೆಂಬುದು ತಮಗೆ ಗೊತ್ತೇ ಇದೆ: ಬಿರಿದ ನೆಲ, ಎಲೆಯಿಲ್ಲದ ಮರ, ಮರದ ಮೇಲೆ ಹದ್ದು, ಕೆಳಗೆ ಹಣೆಯ ಮೇಲೆ ಕೈಯಿಟ್ಟು ಆಕಾಶ ನೋಡುವ ಮುದುಕ. ಮಕ್ಕಳ ತಪ್ಪಲ್ಲ, ಪತ್ರಿಕೆಗಳೂ ಕ್ಯಾಲೆಂಡರುಗಳೂ ಕಲಿಸಿದ ಪಾಠವದು. ಬಿರಿಯುವುದು ಎರೆಭೂಮಿ, ಬತ್ತಿದ ಕೆರೆಯ ಅಂಗಳ. ಕೂಡ್ಲಿಗಿ ಕಡೆಯ ಮಸಾರಿ ಬಿರಿಯುವುದಿಲ್ಲ. ಅದು ಸಡಿಲಗೊಂಡು ಗಾಳಿಗೆ ಕೆಂಪಾಗಿ ಏಳುತ್ತದೆ, ಬಾಗಿಲ ಚಿಲಕದ ಮೇಲೆ, ತೊಲೆಯ ಮೇಲೆ ಕೂರುತ್ತದೆ. ತನ್ನ ಹೊಲದ ಮಣ್ಣನ್ನೇ ನೋಡದೆ ಕಂಡವರ ಬರವನ್ನು ಬರೆಯುವ ಮಗುವಿನ ಕಣ್ಣು ಆಗಲೇ ಅರ್ಧ ಮರಗಟ್ಟಿದೆ. ಬರವೆಂದೊಡನೆ ಇದೇ ಚಿತ್ರ ಮೂಡಿದರೆ, ಬೇರೆ ರೂಪದಲ್ಲಿ ಬಂದ ಬರವನ್ನು ನಾವು ಗುರುತಿಸುವುದಾದರೂ ಹೇಗೆ? 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಸರಕಾರವು ಬರಪೀಡಿತವೆಂದು ಸಾರಿತು. ಹದ್ದೂ ಇರಲಿಲ್ಲ, ಹಣೆಯ ಮೇಲೆ ಕೈಯಿಟ್ಟವರೂ ಹೆಚ್ಚಿರಲಿಲ್ಲ. ಪಡಿತರದ ಅಕ್ಕಿಯಿತ್ತು, 1877 ಮರಳಿ ಬರಲಿಲ್ಲ, ಪುಣ್ಯ. ಆದರೆ ಹೊಲ ಕೊಡದ ಕೆಲಸವನ್ನು ಹುಡುಕಿಕೊಂಡು ಜನ ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುವುದು ನಿಂತಿಲ್ಲ. ಗುಳೆಯ ಚಿತ್ರವೂ ಪತ್ರಿಕೆಗಳಲ್ಲಿ ಆಗಲೇ ಪಡಿಯಚ್ಚಾಗಿದೆ: ಟೆಂಪೋ, ಗಂಟುಮೂಟೆ, ಗಂಟಿನ ಮೇಲೆ ಮಗು. ಅದನ್ನು ಅಚ್ಚುಹಾಕಿದ ಪುಟದಲ್ಲಿ ನಾವು ಚಹಾದ ಲೋಟವಿಡುತ್ತೇವೆ.

ನಮ್ಮವರಲ್ಲಿ ಯಾರಾದರೂ ಇದನ್ನು ಬರೆಯಹೊರಟರೆ ಗಂಟುಮೂಟೆಯನ್ನು ಬಿಟ್ಟುಬಿಡಲಿ ಎಂದು ನಾನು ಸೂಚಿಸುತ್ತೇನೆ. ಮೈಲಾರದ ಕಾರಣಿಕಕ್ಕೆ ಊರಿಗೆ ಮರಳುವವರು, ಕೊಟ್ಟೂರೇಶ್ವರನ ತೇರು ನೋಡಿ ಮತ್ತೆ ಹೊರಡುವವರು, ಆ ನಡುವಣ ಕೆಲವು ದಿನ ಮಾತ್ರ ತೆರೆದಿರುವ ಬಾಗಿಲುಗಳು ಇಲ್ಲಿ ಸಾಲುಸಾಲಾಗಿವೆ. ಆ ಬಾಗಿಲನ್ನು, ಬೀಗದ ಮೇಲೆ ಕೂತ ಕೆಂಪು ಮಣ್ಣನ್ನು, ಅದರ ಮುಂದೆ ದಿನವೂ ಹಾದುಹೋಗುವ ನಮ್ಮ ಹೆಜ್ಜೆಯ ಗುರುತನ್ನು ಬರೆಯಬಹುದು. ಮನೆಯೊಡೆಯನ ಹೆಸರನ್ನೂ ಕಾಯಕವನ್ನೂ ಚಿತ್ರದ ಕೆಳಗೆ ಬರೆಯಬೇಕು, ಅವನ ಒಪ್ಪಿಗೆ ಕೇಳಿ. ಅಳತೆ ದೊಡ್ಡದಿರಬೇಕಾಗಿಲ್ಲ. ತೂಗುಹಾಕುವುದು ಬೆಂಗಳೂರಿನ ಗ್ಯಾಲರಿಯಲ್ಲಲ್ಲ. ಪ್ರಸಾದನಿಲಯದ ಊಟದ ಸಾಲಿನಲ್ಲಿ, ತಟ್ಟೆ ಹಿಡಿದು ನಿಂತ ಹುಡುಗನ ಕಣ್ಣಿನ ಎತ್ತರಕ್ಕೆ. ಆ ಹುಡುಗರಲ್ಲಿ ಕೆಲವರ ತಂದೆತಾಯಿಗಳು ಈ ಹೊತ್ತು ಯಾವ ಊರಿನಲ್ಲಿ ಇಟ್ಟಿಗೆ ಹೊರುತ್ತಿದ್ದಾರೆಂಬುದನ್ನು ಅವರೇ ಹೇಳಬಲ್ಲರು.